ಸಿದ್ಕ್, ಸತ್ಯ ಎರಡೂ ಒಂದೇನಾ? "ಓದಿದೆ, ಚೆನ್ನಾಗಿದೆ" ಅಂತ ಹೇಳಿ ಸಿಕ್ಕಿಬಿದ್ದವನ ಪ್ರಶ್ನೆ

ಅರ್ಧ_ಓದಿದವ

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೈಯಬೇಡಿ.

ಕಳೆದ ತಿಂಗಳು ಗೆಳೆಯನೊಬ್ಬ ಕೆಲಸಕ್ಕೆ ಹಾಕುವ ಅರ್ಜಿ ಬರೆದು ನನಗೆ ಕಳಿಸಿದ. "ಒಂದ್ಸಲ ನೋಡಿ ಹೇಳೋ" ಅಂದ. ನಾಲ್ಕು ಪುಟ ಇತ್ತು. ನಾನು ಮೊಬೈಲಿನಲ್ಲಿ ಮೊದಲ ಪುಟದ ಮೇಲೆ ಹಾಗೇ ಕಣ್ಣಾಡಿಸಿ "ಓದಿದೆ, ಚೆನ್ನಾಗಿದೆ, ಕಳಿಸು" ಅಂತ ಉತ್ತರ ಹಾಕಿದೆ. ಮೂರನೇ ಪುಟದಲ್ಲಿ ಬೇರೆ ಯಾವುದೋ ಕಂಪನಿಯ ಹೆಸರು ಉಳಿದುಬಿಟ್ಟಿತ್ತು. ಹಳೇ ಅರ್ಜಿಯನ್ನೇ ತಿದ್ದಿ ಬರೆದಿದ್ದಾನೆ, ಅದೊಂದು ಕಡೆ ಬದಲಾಯಿಸೋಕೆ ಮರೆತಿದ್ದಾನೆ. ಅವರು ಅದನ್ನೇ ತೋರಿಸಿ ಬೇಡ ಅಂದರಂತೆ. "ನೀನು ಓದಿದ್ದೆ ಅಲ್ವಾ?" ಅಂತ ಅವನು ಕೇಳಿದಾಗ "ಹೂಂ ಕಣೋ, ನನಗೂ ಕಾಣಲಿಲ್ಲ" ಅಂದುಬಿಟ್ಟೆ. ಒಂದಕ್ಕೆ ಎರಡಾಯಿತು.

ನಾನು ಎರಡು ವರ್ಷದಿಂದ ಯೋಗ ಕಲಿಯುತ್ತಿದ್ದೇನೆ. ಈಗ ಯಮ, ನಿಯಮದ, ಅಂದರೆ ಯೋಗ ಮಾಡುವವರು ಪಾಲಿಸಬೇಕಾದ ನಡತೆಯ ಪಾಠ ನಡೆಯುತ್ತಿದೆ. ಕಲಿಸುವವರ ಹತ್ತಿರ ಈ ವಿಷಯ ಹೇಳಿದೆ. "ಅಹಿಂಸೆ ಮೊದಲು, ಸತ್ಯ ಆಮೇಲೆ. ಅವರ ಮನಸ್ಸು ನೋಯಬಾರದು ಅಂತ ತಾನೇ ಚೆನ್ನಾಗಿದೆ ಅಂದಿದ್ದು? ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ" ಅಂದರು. ಕೇಳೋಕೆ ಹಿತವಾಗಿತ್ತು, ಆದರೆ ನಿಜ ಹೇಳಬೇಕೆಂದರೆ ಆ ಹೊತ್ತಿನಲ್ಲಿ ಅವನ ಮನಸ್ಸಿನ ಯೋಚನೆಯೇ ನನಗಿರಲಿಲ್ಲ, ಓದೋಕೆ ಸೋಮಾರಿತನ ಅಷ್ಟೇ.

ನನ್ನ ಜೊತೆ ಕೆಲಸ ಮಾಡುವವರೊಬ್ಬರು ಐದು ಹೊತ್ತು ನಮಾಜ್ ತಪ್ಪಿಸದವರು. ಅವರ ಹತ್ತಿರ ಹೇಳಿದರೆ "ನಮ್ಮಲ್ಲಿ ಇದಕ್ಕೆ ಸಿದ್ಕ್ ಅಂತೀವಿ, ನಿಮ್ಮ 'ಓದಿದೆ' ಅದರ ಬಾಗಿಲಿಗೂ ಬಂದಿಲ್ಲ" ಅಂತ ನಕ್ಕುಬಿಟ್ಟರು. ಊಟದ ಹೊತ್ತು ಮುಗಿದಿತ್ತು, ಮಾತು ಅಲ್ಲಿಗೇ ನಿಂತಿತು.

ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಸಿದ್ಕ್ ಅಂದರೆ ಸುಮ್ನೆ ಸುಳ್ಳು ಹೇಳದೇ ಇರೋದಾ, ಇನ್ನೇನಾದರೂ ಇದೆಯಾ? ಯೋಗದ ಸತ್ಯಕ್ಕೂ ಅದಕ್ಕೂ ಎಲ್ಲಿ ಹೊಂದುತ್ತೆ, ಎಲ್ಲಿ ಹೊಂದಲ್ಲ? "ಎಲ್ಲ ಧರ್ಮವೂ ಹೇಳೋದು ಒಂದೇ" ಅನ್ನೋ ಉತ್ತರ ಮಾತ್ರ ಬೇಡ, ಅದು ನನಗೂ ಬರುತ್ತೆ.

ಚಾಪೆ_ಮಡಿಸಿದವ

ನಿಮಗೆ ಕಲಿಸುವವರು ಹೇಳಿದ್ದರಲ್ಲಿ ಅರ್ಧ ಸರಿ ಇದೆ. ಪತಂಜಲಿಯ ಯೋಗಸೂತ್ರದ ಎರಡನೇ ಪಾದದ 30ನೇ ಸೂತ್ರದಲ್ಲಿ ಐದು ಯಮಗಳು ಬರುತ್ತವೆ. ಅಹಿಂಸೆ, ಸತ್ಯ, ಅಸ್ತೇಯ, ಬ್ರಹ್ಮಚರ್ಯ, ಅಪರಿಗ್ರಹ. ಅಹಿಂಸೆಯೇ ಉಳಿದ ನಾಲ್ಕಕ್ಕೂ ಬೇರು ಅಂತ ಅದರ ಹಳೇ ವ್ಯಾಖ್ಯಾನ ವ್ಯಾಸಭಾಷ್ಯ ಹೇಳುತ್ತೆ. ಅಲ್ಲಿವರೆಗೆ ಸರಿ. ಆದರೆ ಅದೇ ಭಾಷ್ಯ ಸತ್ಯದ ಬಗ್ಗೆ ಏನು ಹೇಳುತ್ತೆ ಅಂತ ಮುಂದಕ್ಕೆ ಓದಿದರೆ ನಿಮ್ಮ "ಓದಿದೆ" ಉಳಿಯಲ್ಲ.

ಭಾಷ್ಯದ ಪ್ರಕಾರ ಕಂಡದ್ದು, ಊಹಿಸಿ ತಿಳಿದದ್ದು, ಕೇಳಿದ್ದು ಹೇಗಿದೆಯೋ ಮಾತೂ ಮನಸ್ಸೂ ಹಾಗೇ ಇರಬೇಕು. ಮಾತು ಮಾತ್ರ ಅಲ್ಲ, ಮನಸ್ಸೂ. ಮಾತು ಇರೋದೇ ನನಗೆ ತಿಳಿದದ್ದನ್ನು ಇನ್ನೊಬ್ಬರಿಗೆ ದಾಟಿಸೋಕೆ, ಹಾಗಾಗಿ ಅದರಲ್ಲಿ ಮೂರು ದೋಷ ಇರಬಾರದು. ಮೋಸ ಇರಬಾರದು. ತಪ್ಪು ತಿಳಿವಳಿಕೆ ಇರಬಾರದು. ಮೂರನೆಯದಕ್ಕೆ ಭಾಷ್ಯದ ಮಾತು ಬಹಳ ಚೆಂದ, ಬಂಜೆ ಮಾತು ಆಗಿರಬಾರದು, ಅಂದರೆ ಕೇಳಿದವನಿಗೆ ಏನೂ ತಿಳಿಯದ ಹಾಗೆ ಇರಬಾರದು. ಈಗ ನಿಮ್ಮ ಮೂರು ಪದ ತಗೊಳ್ಳಿ. "ಓದಿದೆ" ಮೋಸ. "ಚೆನ್ನಾಗಿದೆ" ಬಂಜೆ ಮಾತು, ಏನು ಚೆನ್ನಾಗಿದೆ, ಎಲ್ಲಿ ಚೆನ್ನಾಗಿದೆ ಅಂತ ಅವನಿಗೆ ಏನೂ ಗೊತ್ತಾಗಲಿಲ್ಲ. "ಕಳಿಸು" ಅನ್ನೋದರಿಂದ ಅವನ ಕೆಲಸವೇ ಕೈತಪ್ಪಿತು. ಅಹಿಂಸೆ ಎಲ್ಲಿ ಬಂತು ಸ್ವಾಮಿ ಇದರಲ್ಲಿ?

ನಿಜ ಹೇಳಿದರೂ ಅದರಿಂದ ಜೀವಿಗಳಿಗೆ ಕೇಡಾಗುವುದಾದರೆ ಅದು ಸತ್ಯ ಅಲ್ಲ, ಪಾಪವೇ ಅಂತ ಕೂಡ ಭಾಷ್ಯದಲ್ಲಿದೆ. ಅದು ಮಾತನ್ನು ತೂಗಿ ಆಡೋಕೆ ಹೇಳಿದ್ದು, ಸುಳ್ಳಿಗೆ ರಜೆ ಚೀಟಿ ಅಲ್ಲ. ಮುಂದಿನ ಸೂತ್ರ ನೋಡಿ, 31. ಜಾತಿ, ಜಾಗ, ಕಾಲ, ಸಂದರ್ಭ ಇವುಗಳ ಕಟ್ಟು ಇಲ್ಲದೆ ಪಾಲಿಸಿದರೆ ಮಾತ್ರ ಯಮ ಮಹಾವ್ರತ. ಕಟ್ಟು ಅಂದರೇನು ಅಂತ ತೋರಿಸೋಕೆ ಭಾಷ್ಯದಲ್ಲಿ ಮೀನು ಹಿಡಿಯುವವನ ಉದಾಹರಣೆ ಬರುತ್ತೆ. "ನಾನು ಮೀನು ಬಿಟ್ಟು ಬೇರೆ ಯಾವುದನ್ನೂ ಕೊಲ್ಲಲ್ಲ" ಅನ್ನುವವನ ಅಹಿಂಸೆ. ನಮ್ಮ ಸತ್ಯವೂ ಬಹಳ ಸಲ ಅಷ್ಟೇ. ಗೆಳೆಯರಿಗೆ ಬಿಟ್ಟು ಬೇರೆ ಯಾರಿಗೂ ಸುಳ್ಳು ಹೇಳಲ್ಲ.

ಸಿದ್ಕ್ ಬಗ್ಗೆ ಗೊತ್ತಿರುವವರು ಹೇಳಲಿ, ನಾನೂ ಕಾಯುತ್ತೇನೆ.

ಫಜರ್_ನಂತರ

ಹೇಳುತ್ತೇನೆ, ಆದರೆ ನನ್ನದೂ ಉದ್ದ ಆಗುತ್ತೆ.

ಸಿದ್ಕ್ ಅಂದರೆ ಬರೀ ನಾಲಿಗೆಯದಲ್ಲ. ಹಳೇ ಕಾಲದ ದೊಡ್ಡ ವಿದ್ವಾಂಸ ಇಮಾಮ್ ಗಝಾಲಿ ಇದನ್ನು ಆರು ಬಗೆ ಮಾಡಿ ಬರೆದಿದ್ದಾರೆ. ಮಾತಿನಲ್ಲಿ, ನಿಯ್ಯತ್‌ನಲ್ಲಿ, ಸಂಕಲ್ಪದಲ್ಲಿ, ಆ ಸಂಕಲ್ಪ ನಡೆಸುವುದರಲ್ಲಿ, ಕೆಲಸದಲ್ಲಿ, ಕೊನೆಗೆ ಭಯ, ಭರವಸೆ, ಪ್ರೀತಿಯಂಥ ಧರ್ಮದ ಒಳ ಸ್ಥಿತಿಗಳಲ್ಲಿ. ಕನ್ನಡದಲ್ಲಿ ನಾವೆಲ್ಲ ದಿನಾ ಬಳಸುವ "ನಿಯತ್ತು" ಇದೇ ಅರಬ್ಬಿ ಪದ. ಅಲ್ಲಿ ಅದಕ್ಕೆ ಉದ್ದೇಶ ಅಂತ ಅರ್ಥ, ಇಲ್ಲಿಗೆ ಬರುವಷ್ಟರಲ್ಲಿ ಪ್ರಾಮಾಣಿಕತೆ ಆಗಿಬಿಟ್ಟಿದೆ. ಹೊರಗೆ ಕಾಣುವುದೂ ಒಳಗೆ ಇರುವುದೂ ಒಂದೇ ಆಗಿರಬೇಕು ಅನ್ನೋದು ತಿರುಳು. ಮೇಲಿನವರು ಹೇಳಿದ "ಮಾತೂ ಮನಸ್ಸೂ" ಓದಿದಾಗ ನನಗೆ ತಕ್ಷಣ ನೆನಪಾಗಿದ್ದು ಇದೇ.

ಬುಖಾರಿ, ಮುಸ್ಲಿಂ ಎರಡೂ ಸಂಗ್ರಹಗಳಲ್ಲಿ ಇರುವ, ಇಬ್ನ್ ಮಸ್‌ಊದ್ ಅವರು ತಿಳಿಸಿದ ಹದೀಸ್, ಅಂದರೆ ಪ್ರವಾದಿಯವರ ಮಾತು, ಒಂದಿದೆ. ಸತ್ಯ ಒಳಿತಿನ ಕಡೆಗೆ ಕರೆದೊಯ್ಯುತ್ತೆ, ಒಳಿತು ಸ್ವರ್ಗದ ಕಡೆಗೆ. ಮನುಷ್ಯ ಸತ್ಯ ಹೇಳುತ್ತಾ ಹೇಳುತ್ತಾ ಅಲ್ಲಾಹನ ಬಳಿ ಸಿದ್ದೀಕ್, ಅಂದರೆ ಪೂರ್ತಿ ಸತ್ಯವಂತ, ಅಂತ ಬರೆಯಲ್ಪಡುತ್ತಾನೆ. ಸುಳ್ಳು ಹೇಳುತ್ತಾ ಹೇಳುತ್ತಾ ಹೋದವನು ಸುಳ್ಳುಗಾರ ಅಂತ. ಒಂದೇ ಸಲಕ್ಕೆ ಆಗುವುದಲ್ಲ, ರೂಢಿಯಾಗಿ ಆಗುವುದು. ಮೊದಲ ಖಲೀಫ ಅಬೂಬಕರ್ ಅವರ ಹೆಸರಿನ ಜೊತೆ ಬರುವ ಸಿದ್ದೀಕ್ ಇದೇ.

ನಿಮಗೆ ಹತ್ತಿರವಾಗುವುದು ಪ್ರವಾದಿಯವರ ಸಂಗಾತಿ ಕಅಬ್ ಇಬ್ನ್ ಮಾಲಿಕ್ ಅವರ ಪ್ರಸಂಗ. ಹಿಜರಿ 9, ಅಂದರೆ ಕ್ರಿ.ಶ. 630. ತಬೂಕ್ ಅನ್ನುವ ಊರಿಗೆ ಪ್ರವಾದಿಯವರ ದಂಡು ಹೊರಟಿತ್ತು. ಸುಡು ಬಿಸಿಲು, ದೂರದ ದಾರಿ, ಹಣ್ಣು ಮಾಗಿದ ಕಾಲ. ಕಅಬ್ ಹತ್ತಿರ ಎರಡು ಒಂಟೆ ಇದ್ದವು, ಯಾವ ಅಡ್ಡಿಯೂ ಇರಲಿಲ್ಲ. ದಿನಾ ಬೆಳಗ್ಗೆ ಸಿದ್ಧವಾಗೋಕೆ ಹೋಗುವುದು, ಏನೂ ಮಾಡದೆ ವಾಪಸ್ ಬರುವುದು, "ನನಗೆ ಯಾವಾಗ ಬೇಕಾದರೂ ಆಗುತ್ತೆ" ಅಂದುಕೊಳ್ಳುವುದು. ದಂಡು ಹೊರಟೇಹೋಯಿತು. (ಇದನ್ನು ಅವರೇ ತಮ್ಮ ಬಾಯಲ್ಲಿ ಹೇಳಿದ್ದಾರೆ. ಅದಕ್ಕೇ ಸೋಮಾರಿತನದ ಇಷ್ಟು ಸಣ್ಣ ಸಣ್ಣ ವಿವರ ಉಳಿದಿದೆ.)

ಪ್ರವಾದಿಯವರು ತಿರುಗಿ ಬಂದಾಗ ಹಿಂದೆ ಉಳಿದಿದ್ದ 80ಕ್ಕೂ ಹೆಚ್ಚು ಜನ ಬಂದು ಒಬ್ಬೊಬ್ಬರೂ ಒಂದೊಂದು ನೆಪ ಹೇಳಿದರು. ಪ್ರವಾದಿಯವರು ಅದನ್ನು ಹಾಗೇ ಒಪ್ಪಿಕೊಂಡು, ಒಳಗಿನದನ್ನು ಅಲ್ಲಾಹನಿಗೆ ಬಿಟ್ಟರು. ಕಅಬ್ ಸರದಿ ಬಂತು. ಮಾತಿನಲ್ಲಿ ಅವರು ಗಟ್ಟಿಗರು, ಕವಿ. ಬೇರೆ ಯಾರ ಮುಂದೆ ಕೂತಿದ್ದರೂ ಏನೋ ಒಂದು ನೆಪ ಹೇಳಿ ಪಾರಾಗುತ್ತಿದ್ದೆ, ನಿಮ್ಮ ಮುಂದೆ ಆಗಲ್ಲ, ನನಗೆ ಯಾವ ಅಡ್ಡಿಯೂ ಇರಲಿಲ್ಲ ಅಂದುಬಿಟ್ಟರು. ನೆಪ ಹೇಳಿದವರು ಮನೆಗೆ ಹೋದರು. ಕಅಬ್ ಸೇರಿ ನಿಜ ಹೇಳಿದ ಮೂವರಿಗೆ 50 ದಿನ ಬಹಿಷ್ಕಾರ! ಯಾರೂ ಮಾತಾಡಿಸುವಂತಿಲ್ಲ. ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳ ಪೈಕಿಯ ಅಬೂ ಕತಾದಾ ಅಂದರೆ ಕಅಬ್‌ಗೆ ಬಹಳ ಪ್ರೀತಿ. ಅವರ ತೋಟದ ಗೋಡೆ ಹತ್ತಿ ಒಳಗೆ ಹೋಗಿ ಸಲಾಂ ಹೇಳಿದರೆ ಆ ಕಡೆಯಿಂದ ಉತ್ತರವೇ ಇಲ್ಲ. 50ನೇ ದಿನ ಬೆಳಗ್ಗೆ ಫಜರ್ ನಮಾಜ್ ಮುಗಿಸಿ ಮನೆಯ ಮೇಲೆ ಕೂತಿದ್ದಾಗ ಸಲ್ಅ್ ಬೆಟ್ಟದ ಕಡೆಯಿಂದ ಯಾರೋ ಕೂಗಿದ್ದು ಕೇಳಿಸಿತು, ಕಅಬ್, ಸಂತೋಷಪಡು ಅಂತ. ಕ್ಷಮೆಯ ವಚನ ಇಳಿದಿತ್ತು. ಕುರ್‌ಆನಿನ 9ನೇ ಅಧ್ಯಾಯದ 118ನೇ ವಚನ ಆ ಮೂವರ ಬಗ್ಗೆ. ಅದರ ಬೆನ್ನಿಗೇ 119 ಬರುತ್ತೆ, ಸತ್ಯವಂತರ ಜೊತೆಗಿರಿ ಅಂತ.

ಇದರಲ್ಲಿ ನನಗೆ ಇಷ್ಟವಾಗೋದು ಏನು ಅಂದರೆ ನಿಜ ಹೇಳಿದ ಕೂಡಲೇ ಬಹುಮಾನ ಸಿಗಲಿಲ್ಲ. ಸುಳ್ಳು ಹೇಳಿದವರಿಗಿಂತ ಕಷ್ಟವೇ ಜಾಸ್ತಿ ಆಯಿತು.

ಸುಮ್ನೆ_ಕೇಳ್ತೀನಿ

ಎಲ್ಲ ಸರಿ. ಆದರೆ ಎರಡು ಕಡೆಯೂ ಹಿಂಬಾಗಿಲು ಇದೆಯಲ್ಲ? ಇಸ್ಲಾಮಿನಲ್ಲಿ ಜಗಳ ಬಿಡಿಸೋಕೆ, ಯುದ್ಧದಲ್ಲಿ, ಗಂಡ ಹೆಂಡತಿ ನಡುವೆ ಸುಳ್ಳಿಗೆ ಅನುಮತಿ ಇದೆ ಅಂತ ನಾನೂ ಓದಿದ್ದೇನೆ. ಈ ಕಡೆ ಮಹಾಭಾರತದ ಕರ್ಣಪರ್ವದಲ್ಲಿ ಕೌಶಿಕನ ಕಥೆ. ಸತ್ಯವನ್ನೇ ಹೇಳುತ್ತೇನೆ ಅಂತ ವ್ರತ ಹಿಡಿದವನು, ಕಳ್ಳರು ಬಂದು ಕೇಳಿದಾಗ ಜನ ಅಡಗಿದ ಜಾಗ ತೋರಿಸಿಬಿಟ್ಟ, ಅವರು ಹೋಗಿ ಕೊಂದರು, ಇವನು ನರಕಕ್ಕೆ ಹೋದ. ನಮ್ಮ ಗಾದೆಗಳೂ ಹಾಗೇ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು. ಅಂದಮೇಲೆ ಕೊನೆಗೆ ಅವರವರ ಅನುಕೂಲಕ್ಕೆ ತಕ್ಕ ಸತ್ಯ ಅಷ್ಟೇ ಅಲ್ವಾ? ಜಗಳಕ್ಕಲ್ಲ, ಸುಮ್ನೆ ಕೇಳಿದೆ.

ಫಜರ್_ನಂತರ

ಒಳ್ಳೇ ಪ್ರಶ್ನೆ. ನೀವು ಹೇಳಿದ ಮೂರೂ ಹದೀಸಿನಲ್ಲಿ ಇವೆ, ಉಮ್ಮು ಕುಲ್ಸೂಮ್ ಬಿಂತ್ ಉಕ್ಬಾ ಅವರ ಮೂಲಕ ಬಂದದ್ದು. ಜನರ ನಡುವೆ ರಾಜಿ ಮಾಡಿಸುವವನು ಸುಳ್ಳುಗಾರನಲ್ಲ ಅಂತ. ಆದರೆ ಬಾಗಿಲು ಎಷ್ಟು ಚಿಕ್ಕದು ನೋಡಿ. ಅಲ್ಲಿ ಕೂಡ ನೇರ ಸುಳ್ಳಿಗೆ ಅವಕಾಶ ಇಲ್ಲ, ಎರಡರ್ಥ ಬರುವ ಮಾತಿಗೆ ಮಾತ್ರ ಅಂದ ವಿದ್ವಾಂಸರೂ ಇದ್ದಾರೆ. ನನ್ನ ಮಟ್ಟಿಗೆ ನೋಡಬೇಕಾದ್ದು ಇಷ್ಟೇ, ಆ ಮಾತಿನಿಂದ ಉಳಿಯುವವರು ಯಾರು? ಮುರಿದ ಮನೆ ಉಳಿಯುತ್ತಾ, ಹೇಳಿದವನ ಮುಖ ಉಳಿಯುತ್ತಾ? "ನನಗೂ ಕಾಣಲಿಲ್ಲ" ಅಂದಾಗ ಉಳಿದದ್ದು ಯಾರ ಮುಖ ಅಂತ ಬೇರೆ ಹೇಳಬೇಕಾಗಿಲ್ಲ.

ಇನ್ನು ಸಣ್ಣ ಸುಳ್ಳುಗಳ ವಿಷಯದಲ್ಲಿ ಎಷ್ಟು ಬಿಗಿ ಅಂದರೆ, ಒಬ್ಬ ತಾಯಿ ಮಗುವನ್ನು "ಬಾ, ಏನೋ ಕೊಡ್ತೀನಿ" ಅಂತ ಕರೆದರು. ಏನು ಕೊಡಬೇಕು ಅಂತಿದ್ದೆ ಅಂತ ಪ್ರವಾದಿಯವರು ಕೇಳಿದರು. ಖರ್ಜೂರ ಅಂದರು ಆಕೆ. ಏನೂ ಕೊಡದೇ ಹೋಗಿದ್ದರೆ ನಿನ್ನ ಲೆಕ್ಕದಲ್ಲಿ ಒಂದು ಸುಳ್ಳು ಬರೆಯಲಾಗುತ್ತಿತ್ತು ಅಂದರಂತೆ. ಅಬೂ ದಾವೂದ್ ಸಂಗ್ರಹದಲ್ಲಿದೆ ಇದು. ಮಗುವಿಗೆ ಏನು ಗೊತ್ತಾಗುತ್ತೆ ಅನ್ನೋ ಮಾತೇ ಇಲ್ಲ ಅಲ್ಲಿ. ತಮಾಷೆಗೂ ಸುಳ್ಳಿಲ್ಲ. ಸವಾರಿಗೆ ಒಂಟೆ ಬೇಕು ಅಂತ ಬಂದವನಿಗೆ "ಒಂಟೆಯ ಮರಿ ಕೊಡುತ್ತೇನೆ" ಅಂದರು. ಮರಿ ತಗೊಂಡು ನಾನೇನು ಮಾಡಲಿ ಅಂತ ಅವನು ಪೇಚಾಡಿದ. ಎಲ್ಲ ಒಂಟೆಯೂ ಒಂಟೆಯ ಮರಿಯೇ ತಾನೇ ಅಂದರು.

ಇನ್ನೊಂದು, ನಿಜ ಆಗಿದ್ದರೆ ಸಾಕು ಅಂತಲೂ ಇಲ್ಲ. ಗೀಬತ್ ಅಂದರೆ ನಿನ್ನ ಸಹೋದರನ ಬಗ್ಗೆ ಅವನಿಗೆ ಇಷ್ಟವಾಗದ್ದನ್ನು ಅವನ ಹಿಂದೆ ಆಡುವುದು. ನಾನು ಹೇಳುವುದು ನಿಜವಾಗಿದ್ದರೆ ಅಂತ ಕೇಳಿದವರಿಗೆ ಸಿಕ್ಕ ಉತ್ತರ, ನಿಜ ಆಗಿದ್ದರೇ ಗೀಬತ್, ಇಲ್ಲದಿದ್ದರೆ ಅದು ಅಪವಾದ. ಸಹೀಹ್ ಮುಸ್ಲಿಮಿನಲ್ಲಿದೆ. "ಕೇಡಾಗುವ ನಿಜ ಸತ್ಯವಲ್ಲ" ಅನ್ನುವ ಭಾಷ್ಯದ ಮಾತಿಗೆ ಇದು ಸರಿಯಾಗಿ ಎದುರುಬದುರು ನಿಲ್ಲುತ್ತೆ ಅಂತ ನನಗನಿಸಿತು. ಒಂದು ಚೂರು ಬೇರೆ, ನಮ್ಮಲ್ಲಿ ಅದನ್ನು ಸತ್ಯವಲ್ಲ ಅನ್ನಲ್ಲ. ಸತ್ಯವೇ, ಆದರೂ ಆಡಬೇಡ ಅಂತಾರೆ.

ಚಾಪೆ_ಮಡಿಸಿದವ

ಆ "ಒಂದು ಚೂರು ಬೇರೆ" ಸಣ್ಣದಲ್ಲ ಸರ್. ನಮ್ಮ ಕಡೆ ಸತ್ಯ ಅನ್ನುವ ಪದವನ್ನೇ ಹಿಗ್ಗಿಸಿ ಹಿತವನ್ನು ಅದರೊಳಗೆ ಸೇರಿಸಿಬಿಡುತ್ತಾರೆ. ಗೀತೆ 17.15ರಲ್ಲೂ ಹಾಗೇ, ಮಾತಿನ ತಪಸ್ಸು ಅಂದರೆ ಕೆರಳಿಸದ, ನಿಜವಾದ, ಪ್ರಿಯವಾದ, ಹಿತವಾದ ಮಾತು, ನಾಲ್ಕೂ ಒಟ್ಟಿಗೆ ಇರಬೇಕು. ಇದರಲ್ಲಿ ಅಪಾಯ ಏನು ಅಂದರೆ ಪ್ರಿಯ ಅನ್ನೋದನ್ನು ಮಾತ್ರ ಹಿಡಿದುಕೊಂಡು ಉಳಿದ ಮೂರು ಬಿಟ್ಟುಬಿಡುವುದು ಸುಲಭ. ನಾವು ಯೋಗದವರು ಇದನ್ನು ಬಹಳ ಮಾಡುತ್ತೇವೆ, ನಾನೂ ಸೇರಿ.

ಹಳೇ_ಪುಟ

ತಡವಾಗಿ ಬಂದೆ. ಎರಡರ ಹೋಲಿಕೆ ಇವತ್ತಿನ ಮಾತಲ್ಲ ಅಂತ ಹೇಳೋಕೆ ಒಂದು ಕಾರಣ ಇದೆ. ಸಾವಿರ ವರ್ಷದ ಹಿಂದೆ ಅಲ್ ಬೀರೂನಿ ಅನ್ನುವ ವಿದ್ವಾಂಸರು ಪತಂಜಲಿಯ ಯೋಗಸೂತ್ರವನ್ನು ಒಂದು ವ್ಯಾಖ್ಯಾನದ ಜೊತೆ ಅರಬ್ಬಿಗೆ ತಂದರು. ಹುಟ್ಟಿದ್ದು 973ರಲ್ಲಿ, ಮಧ್ಯ ಏಷ್ಯಾದ ಖ್ವಾರಿಜ್ಮಿನಲ್ಲಿ. ಆ ಅನುವಾದ ಪೂರ್ತಿ ಪ್ರಶ್ನೋತ್ತರದ ರೂಪದಲ್ಲಿದೆ, ಹೆಚ್ಚುಕಡಿಮೆ ನಾವು ಇಲ್ಲಿ ಮಾಡುತ್ತಿರುವ ಹಾಗೇ.

ಆಮೇಲೆ ಸುಮಾರು 1030ರಲ್ಲಿ ಭಾರತದ ಬಗ್ಗೆ ದೊಡ್ಡ ಪುಸ್ತಕ ಬರೆದರು. ಅದು ಶುರುವಾಗುವುದೇ ಸತ್ಯದ ಮಾತಿನಿಂದ. ಕೇಳಿದ್ದು ಕಂಡದ್ದಕ್ಕೆ ಸಮ ಅಲ್ಲ ಅಂತ ಹೇಳಿ, ಸುಳ್ಳು ಸುದ್ದಿ ಹೇಳುವವರಲ್ಲಿ ಎಷ್ಟು ಬಗೆ ಅಂತ ವಿಂಗಡಿಸುತ್ತಾರೆ. ಲಾಭಕ್ಕೆ ಹೇಳುವವನು, ತನ್ನವರ ಮೇಲಿನ ಪ್ರೀತಿಗೋ ಬೇರೆಯವರ ಮೇಲಿನ ದ್ವೇಷಕ್ಕೋ ಹೇಳುವವನು, ಏನೂ ಗೊತ್ತಿಲ್ಲದೆ ಹಿಂದಿನವರು ಹೇಳಿದ್ದನ್ನೇ ಒಪ್ಪಿಸುವವನು. ನಿಮ್ಮ ವಿರುದ್ಧವೇ ಆದರೂ ಸತ್ಯ ಹೇಳಿ ಅನ್ನುವ ಕುರ್‌ಆನಿನ ಮಾತನ್ನು ಅಲ್ಲಿ ಎತ್ತಿ ಹೇಳುತ್ತಾರೆ, ಅದು 4:135ರದ್ದು. ಬೇರೆ ಧರ್ಮದವರ ಬಗ್ಗೆ ಬರೆಯುವ ಮುಂಚೆ ತಾನು ಸುಳ್ಳು ಹೇಳಬಾರದು ಅನ್ನುವ ಎಚ್ಚರ ಅದು. ಈಗ ಬಂದದ್ದನ್ನೆಲ್ಲ ಮುಂದಕ್ಕೆ ತಳ್ಳುವ ನಮಗೆ ಮೂರನೇ ಬಗೆಯವನು ಚೆನ್ನಾಗಿ ಗೊತ್ತು. ಕೇಳಿದ್ದನ್ನೆಲ್ಲ ಹೇಳುತ್ತಾ ಹೋಗುವುದೇ ಸುಳ್ಳುಗಾರನಾಗೋಕೆ ಸಾಕು ಅಂತ ಹದೀಸೂ ಇದೆಯಲ್ಲ.

ಆದರೆ ಎರಡೂ ಒಂದೇ ಅನ್ನೋಕೆ ನಾನು ಒಪ್ಪಲ್ಲ. ಸಿದ್ಕ್‌ನ ಹಿಂದೆ ಒಬ್ಬ ನೋಡುವವನಿದ್ದಾನೆ, ಲೆಕ್ಕ ಕೇಳುವ ದಿನ ಇದೆ. ಕುರ್ಆನಿನ 5:119ರಲ್ಲಿ ಸತ್ಯವಂತರಿಗೆ ಅವರ ಸತ್ಯ ಪ್ರಯೋಜನಕ್ಕೆ ಬರುವ ದಿನ ಅಂತಲೇ ಇದೆ. ಅಲ್ ಹಕ್ಕ್, ಅಂದರೆ ಸತ್ಯ ಅನ್ನೋದು ಅಲ್ಲಾಹನದೇ ಒಂದು ಹೆಸರು. (ನಮ್ಮ "ಹಕ್ಕು" ಅಲ್ಲಿಂದಲೇ ಬಂದ ಪದ.) ಪತಂಜಲಿಯಲ್ಲಿ ಈಶ್ವರ ಇದ್ದಾನೆ, ಆದರೆ ಲೆಕ್ಕ ಕೇಳುವವನಾಗಿ ಅಲ್ಲ. ಅಲ್ಲಿ ಗುರಿ ಚಿತ್ತ ತಿಳಿಯಾಗುವುದು. ಯೋಗಸೂತ್ರ 2.36ರ ಪ್ರಕಾರ ಸತ್ಯದಲ್ಲಿ ನೆಲೆ ನಿಂತವನ ಮಾತೇ ಫಲ ಕೊಡುತ್ತೆ, ಧಾರ್ಮಿಕನಾಗು ಅಂದರೆ ಕೇಳಿದವನು ಧಾರ್ಮಿಕನಾಗುತ್ತಾನೆ ಅಂತ ಭಾಷ್ಯ. ಒಂದರಲ್ಲಿ ಸತ್ಯ ಹೇಳಿದವನ ಹೆಸರು ಬರೆದಿಡುತ್ತಾರೆ, ಇನ್ನೊಂದರಲ್ಲಿ ಅವನ ಮಾತಿಗೇ ಬಲ ಬರುತ್ತೆ. ಇದು ಬೇರೆ ಬೇರೆ ರುಚಿ.

ಸುಮ್ನೆ_ಕೇಳ್ತೀನಿ

ಮಾತಿಗೆ ಬಲ ಬರುವುದನ್ನು ಪವಾಡ ಅಂತ ಓದಬೇಕಾಗಿಲ್ಲ ಅನ್ಸುತ್ತೆ. ಯಾವತ್ತೂ ಸುಮ್ನೆ "ಚೆನ್ನಾಗಿದೆ" ಅನ್ನದವನು ಒಂದು ದಿನ ಚೆನ್ನಾಗಿದೆ ಅಂದರೆ ನಾನು ಕಣ್ಮುಚ್ಚಿ ಕಳಿಸಿಬಿಡುತ್ತೇನೆ. ಹಿಂಬಾಗಿಲಿನ ಮಾತು ಪೂರ್ತಿ ವಾಪಸ್ ತಗೊಳ್ಳಲ್ಲ, ಅರ್ಧ ತಗೊಳ್ಳುತ್ತೇನೆ.

ಅರ್ಧ_ಓದಿದವ

ಎಲ್ಲರಿಗೂ ಥ್ಯಾಂಕ್ಸ್. ಎರಡೆರಡು ಸಲ ಓದಿದೆ. (ಈ ಸಲ ನಿಜವಾಗಿ.)

ನಿನ್ನೆ ರಾತ್ರಿ ಅವನಿಗೆ ಫೋನ್ ಮಾಡಿದೆ. ಕಅಬ್ ಅವರ ಧೈರ್ಯದಲ್ಲಿ ನೂರರಲ್ಲಿ ಒಂದು ಪಾಲೂ ನನಗಿಲ್ಲ, ಹತ್ತು ನಿಮಿಷ ಬೇರೆ ಏನೇನೋ ಮಾತಾಡಿದೆ. ಆಮೇಲೆ "ನಿನ್ನ ಅರ್ಜಿ ನಾನು ಓದಿರಲಿಲ್ಲ ಕಣೋ. ಕಾಣಲಿಲ್ಲ ಅಂದಿದ್ದೂ ಸುಳ್ಳು" ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ಗೊತ್ತಿತ್ತು" ಅಂದ. "ನಾಲ್ಕು ಪುಟ ಕಳಿಸಿ ಎರಡು ನಿಮಿಷಕ್ಕೆ ನಿನ್ನ ಉತ್ತರ ಬಂದಿತ್ತು. ಆವತ್ತೇ ಅನುಮಾನ ಬಂತು. ಆದರೂ ಕಳಿಸಿದೆ, ಅದು ನನ್ನ ತಪ್ಪು." ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಬೈದಿದ್ದರೆ ಹಗುರ ಆಗುತ್ತಿತ್ತು.

ಕಲಿಸುವವರಿಗೂ ಆ ಮೀನಿನ ಉದಾಹರಣೆ ತೋರಿಸಿದೆ. ಅವರು ಪುಸ್ತಕ ತೆಗೆದು ನೋಡಿ "ಮುಂದಿನ ವಾರ ಇದನ್ನೇ ಮಾಡೋಣ" ಅಂದರು. ಜೊತೆಯಲ್ಲಿ ಕೆಲಸ ಮಾಡುವವರಿಗೆ ಕಅಬ್ ಪ್ರಸಂಗ ಓದಿದೆ ಅಂದಾಗ ಅವರು ಕೇಳಿದ ಮೊದಲ ಪ್ರಶ್ನೆ, "ಪೂರ್ತಿ ಓದಿದ್ರಾ?"

ಇವತ್ತು ಬೆಳಗ್ಗೆ ಗೆಳೆಯ ಹೊಸ ಅರ್ಜಿ ಕಳಿಸಿದ್ದಾನೆ. ಈ ಸಲ ಐದು ಪುಟ. ಸಂಜೆಯೊಳಗೆ ಹೇಳುತ್ತೇನೆ ಅಂದಿದ್ದೇನೆ, ಈಗ ಎರಡನೇ ಪುಟದಲ್ಲಿದ್ದೇನೆ. ಮೊದಲ ಪ್ಯಾರಾ ಚೆನ್ನಾಗಿಲ್ಲ. ಅದನ್ನು ಕೆರಳಿಸದ ಹಾಗೆ ಹೇಳುವುದು ಹೇಗೆ ಅಂತ ಯಾರಿಗಾದರೂ ಗೊತ್ತಿದ್ದರೆ ಸಂಜೆಯೊಳಗೆ ತಿಳಿಸಿ.